ಮಾರ್ಲಿಸ್ ಹ್ರುಷ್ಕಾಳ ಇಪ್ಪತ್ತನೆಯ ಕಾರ್ಡು

ಟಿಕ್ ಟಿಕ್ ಟಿಕ್ ಎಂದು ನಿಧಾನವಾಗಿ ಸುತ್ತುತ್ತಾ ಹೋಗಿ, ಒಂದು ಕಡೆ ತಡೆದು, ಸರ್ರೆಂದು ಒಂದೇ ಉಸಿರಿಗೆ ಹಿಂದಿರುಗುವ ನೀರಿನ ಸದ್ದು. ಹಾರ್ಲನ್ ಫೆರಿಯ ಮೂರನೆಯ ಬೀದಿಯಲ್ಲಿ ಬೇಸಿಗೆಯ ಬೆಳಗು ಶುರುವಾಗುವುದು ಹೀಗೆ. ಬೇಸ್‌ಬಾಲ್ ಮೈದಾನದ ಹುಲ್ಲಿಗೆ ನೀರು ಚಿಮ್ಮಿಸುವ ಕೊಳವೆಗಳು ಐದು ಗಂಟೆಗೆಲ್ಲ ಎದ್ದುಬಿಡುತ್ತವೆ. ಬಲಗಡೆಯ ಬೇಲಿಯಾಚೆ ಮೊದಲ ಮನೆಯೇ ಮಾರ್ಲಿಸ್ ಹ್ರುಷ್ಕಾಳದು. ಗಾಳಿ ತಿರುಗಿದ ದಿನ ಅವಳ ಅಡುಗೆಮನೆಯ ಕಿಟಕಿಗೂ ನಾಲ್ಕು ಹನಿ ಬೀಳುತ್ತವೆ. ಗಾಜು ತೊಳೆಯುವ ಕೆಲಸ ತಪ್ಪಿತು ಎಂದುಕೊಂಡು ಅವಳು ಕಾಫಿ ಬಗ್ಗಿಸಿಕೊಳ್ಳುತ್ತಾಳೆ.

ಮಾರ್ಲಿಸ್ ಶಾಲೆಯ ಬಸ್ಸು ಓಡಿಸುತ್ತಾಳೆ. ಇಪ್ಪತ್ತಾರು ವರ್ಷಗಳಿಂದ ಅದೇ ದಾರಿ: ನದಿಯ ದಂಡೆ, ಜೋಳದ ಹೊಲಗಳ ನಡುವಿನ ಜಲ್ಲಿ ರಸ್ತೆ, ಹಂದಿಸಾಕಣೆಯವರ ತಿರುವು. ಜನವರಿಯ ಹಿಮದಲ್ಲಿ ಆ ತಿರುವನ್ನು ಇಳಿಯುವಾಗ ಅವಳು ಯಾರೊಂದಿಗೂ ಮಾತಾಡುವುದಿಲ್ಲ. ಜೂನ್ ಬಂದು ಶಾಲೆಗೆ ಬೀಗ ಬಿದ್ದ ದಿನ ಬಸ್ಸಿನ ಕೀಲಿಕೈ ಮೊಳೆಗೆ ತೂಗುಹಾಕಿ, ಅಂಚು ಸವೆದ ಟೋಪಿಯನ್ನು ಅದೇ ಮೊಳೆಯಿಂದ ತೆಗೆದುಕೊಳ್ಳುತ್ತಾಳೆ. ಆಮೇಲೆ ಸೆಪ್ಟೆಂಬರಿನವರೆಗೂ ಅವಳನ್ನು ಹುಡುಕುವವರು ಮೈದಾನಕ್ಕೇ ಬರಬೇಕು. ಓಟಗಾರರು ಮುಟ್ಟಿ ಓಡುವ ಮೂಲೆಗಳಲ್ಲಿ ಮೂರನೆಯದು, ಮೂರನೆಯ ಬೇಸಿನ ಕಡೆಗೆ, ಆರನೆಯ ಸಾಲು. ಪಕ್ಕದಲ್ಲಿ ಅವಳ ಗೆಳತಿ ಲವಾನ್, ಅದರಾಚೆ ಲವಾನಳ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ನಾನು. ನಮ್ಮ ಮೂವರ ನಡುವೆ ಮಾರ್ಲಿಸ್ ತಂದ ಕೊಲಾಚೆಯ ಡಬ್ಬಿ. ಗಸಗಸೆ ತುಂಬಿದ ಆ ಮೆತ್ತನೆಯ ಬನ್ನನ್ನು ಅವಳಜ್ಜಿ ಮಾಡುತ್ತಿದ್ದ ಅಳತೆಯಲ್ಲೇ ಅವಳೂ ಮಾಡುತ್ತಾಳೆ.

ನಮ್ಮ ಊರಿನ ತಂಡದ ಹೆಸರು ಹೆರನ್ಸ್. ದೊಡ್ಡ ತಂಡಗಳ ಕಣ್ಣಿಗೆ ಬೀಳಲೆಂದು ಹುಡುಗರು ಇಲ್ಲಿಗೆ ಬರುತ್ತಾರೆ, ಒಂದು ಬೇಸಿಗೆ ಆಡುತ್ತಾರೆ, ಹೋಗುತ್ತಾರೆ. ಕೆಲವರು ಮೇಲಕ್ಕೆ, ಹೆಚ್ಚಿನವರು ಮನೆಗೆ. ಮೇಲಕ್ಕೆ ಹೋದವರ ಚಿತ್ರ ಹೊತ್ತ ಕಾರ್ಡುಗಳು ಅಂಗಡಿಯಲ್ಲಿ ಸಿಗುತ್ತವೆ. ಮನೆಗೆ ಹೋದವರದು ಎಲ್ಲೂ ಸಿಗುವುದಿಲ್ಲ. ಮಾರ್ಲಿಸ್ ಕೂಡಿಡುವುದು ಅವರನ್ನೇ.

ಆದರೆ ಅವಳವು ಅಚ್ಚಾದ ಕಾರ್ಡುಗಳಲ್ಲ. ಕೈಯಲ್ಲಿ ಬರೆದವು. ಕಾರ್ಡು ಕಂಪನಿಗಳು ಕೆಲವು ಕಲಾವಿದರಿಗೆ ಅಂಗೈಯಗಲದ ಖಾಲಿ ಕಾರ್ಡುಗಳನ್ನು ಕಳಿಸುತ್ತವೆ. ಅವರು ಒಂದೊಂದರ ಮೇಲೂ ಒಬ್ಬೊಬ್ಬ ಹೆಸರಾಂತ ಆಟಗಾರನನ್ನು ಬರೆದು ವಾಪಸು ಕಳಿಸಿದರೆ, ಸಾವಿರಾರು ಪೊಟ್ಟಣಗಳ ನಡುವೆ ಎಲ್ಲೋ ಒಂದರಲ್ಲಿ ಆ ಚಿತ್ರ ಸೇರಿಹೋಗುತ್ತದೆ. ಪೊಟ್ಟಣ ಹರಿದವರಿಗೆ ಅದೃಷ್ಟ. ಅಂಥದ್ದು ಇನ್ನೊಂದಿರುವುದಿಲ್ಲ. ಕೆಲಸ ಮುಗಿದಾಗ ಕಲಾವಿದನಿಗೂ ನಾಲ್ಕೈದು ಖಾಲಿ ಕಾರ್ಡು ಬಿಟ್ಟುಕೊಡುವುದು ಪದ್ಧತಿ. ಅವುಗಳ ಮೇಲೆ ಅವನು ಯಾರನ್ನು ಬೇಕಾದರೂ ಬರೆಯಬಹುದು. ಪಕ್ಕದ ಊರಿನ ಗ್ಲೆನ್ ಆಸ್ಟ್‌ಬಿ ತನ್ನ ಪಾಲಿನ ಖಾಲಿ ಕಾರ್ಡುಗಳಲ್ಲಿ ವರ್ಷಕ್ಕೆ ಒಂದನ್ನು ಮಾರ್ಲಿಸ್‌ಗಾಗಿ ಎತ್ತಿಡುತ್ತಿದ್ದ.

ಗ್ಲೆನ್ ಅಂಗಡಿಗಳ ಬೋರ್ಡು ಬರೆಯುವವನು. ನಮ್ಮ ಮೇವಿನ ಗೋದಾಮಿನ ಮೇಲಿನ ಹುಂಜ ಅವನದೇ. ಕಾರ್ಡು ಬರೆಯುವ ಉಳಿದವರು ಫೋಟೋ ನೋಡಿಕೊಂಡು ಬರೆಯುತ್ತಾರೆ. ಅವನು ಮೈದಾನಕ್ಕೆ ಬಂದು, ಮಡಿಸುವ ಸ್ಟೂಲನ್ನು ನೆರಳಿನಲ್ಲಿ ಹಾಕಿಕೊಂಡು ಕೂರುತ್ತಿದ್ದ. ಯಾರನ್ನು ಬರೆಯಬೇಕೆಂದು ಜುಲೈ ಹೊತ್ತಿಗೆ ಮಾರ್ಲಿಸ್ ಹೇಳುತ್ತಾಳೆ. ನಾಲ್ಕು ಆಟ ಅವನು ಬರೀ ನೋಡುತ್ತಾನೆ. ಐದನೆಯದಕ್ಕೆ ಪೆನ್ಸಿಲು ತೆಗೆಯುತ್ತಾನೆ. ಆಗಸ್ಟಿನಲ್ಲಿ ಬೊಹೀಮಿಯಾದಿಂದ ಬಂದು ನೆಲೆಸಿದವರ ಚರ್ಚಿನ ನೆಲಮಾಳಿಗೆಯಲ್ಲಿ ಕಾರ್ಡುಗಳ ಸಂತೆ ನಡೆಯುವಾಗ, ಎಲ್ಲರೂ ನೋಡುವಂತೆ ಮೇಜಿನ ಮೇಲೆ ಇಡದೆ, ಜೇಬಿನಿಂದ ತೆಗೆದು ಅವಳ ಕೈಗೆ ಕೊಡುತ್ತಾನೆ. ಹೀಗೆ ಹತ್ತೊಂಬತ್ತು ವರ್ಷ, ಹತ್ತೊಂಬತ್ತು ಕಾರ್ಡು. ಗಟ್ಟಿ ಪ್ಲಾಸ್ಟಿಕ್ಕಿನ ಪುಟ್ಟ ಪೆಟ್ಟಿಗೆಯಲ್ಲಿ ಒಂದೊಂದನ್ನೂ ಸೇರಿಸಿ, ಅಡುಗೆಯ ಅಳತೆ ಬರೆದಿಡುವ ತಗಡಿನ ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸಿದ್ದಳು. ಚಳಿಗಾಲದ ಭಾನುವಾರಗಳಲ್ಲಿ ಅವನ್ನು ಹೊರತೆಗೆದು, ಮೇಜಿನ ಮೇಲೆ ಒಂದು ತಂಡಕ್ಕೆ ಬೇಕಾದ ಒಂಬತ್ತನ್ನು ಮೈದಾನದಂತೆ ಹರಡುತ್ತಿದ್ದಳು. ಬೇರೆ ಬೇರೆ ವರ್ಷದ ಹುಡುಗರು, ಒಂದೇ ತಂಡ. ಇವತ್ತು ಎರಡನೆಯ ಬೇಸಿಗೆ ಯಾರು ಎಂದು ಲವಾನ್ ಫೋನು ಮಾಡಿ ಕೇಳುವುದಿತ್ತು. ಮಾರ್ಲಿಸ್ ಯೋಚನೆ ಮಾಡಿ ಉತ್ತರ ಹೇಳುತ್ತಿದ್ದಳು.

ಅವಳ ಒಂದು ನೇಮ ಮಾತ್ರ ನಮ್ಮ ಸಾಲಿಗೆ ನಗೆಪಾಟಲಾಗಿತ್ತು. ಆ ಹತ್ತೊಂಬತ್ತರಲ್ಲಿ ಒಂದಕ್ಕೂ ಅವಳು ಆಟಗಾರನ ಸಹಿ ಹಾಕಿಸಿರಲಿಲ್ಲ. ನಮ್ಮಲ್ಲಿ ಕಾರ್ಡು ಇಟ್ಟವರೆಲ್ಲ ಮೊದಲು ಓಡುವುದು ಸಹಿಗೆ. ಆಟ ಮುಗಿದ ಮೇಲೆ ಸೀಟುಗಳನ್ನೂ ಮೈದಾನವನ್ನೂ ಬೇರ್ಪಡಿಸುವ ಕಟಕಟೆಯ ಹತ್ತಿರ ನೂಕುನುಗ್ಗಲು. ಹುಡುಗರು ಬಟ್ಟೆ ಬದಲಾಯಿಸುವ ಕೋಣೆಗೆ ಹೋಗುವ ಮುಂಚೆ ಅದರುದ್ದಕ್ಕೂ ನಡೆಯುತ್ತಾ ಚಾಚಿದ ಕೈಗಳಿಂದ ಕಾರ್ಡು, ಚೆಂಡು, ಟೋಪಿ ತೆಗೆದುಕೊಂಡು ಗೀಚಿ ಕೊಡುತ್ತಾರೆ. ಅವರು ನೋಡುವುದು ಚಾಚಿದ ಕೈಯನ್ನು, ಮುಖವನ್ನಲ್ಲ. ಮಾರ್ಲಿಸ್ ಮಾತ್ರ ಆರನೆಯ ಸಾಲಿನಲ್ಲೇ ಕೂತು ಡಬ್ಬಿ ಮುಚ್ಚುತ್ತಿದ್ದಳು. ಸಹಿ ಬಿದ್ದರೆ ಬೆಲೆ ಎರಡರಷ್ಟು ಕಣೇ ಎಂದು ಲವಾನ್ ಚುಚ್ಚಿದರೆ, ಮಾರುವವರಿಗೆ ತಾನೇ ಬೆಲೆ ಎನ್ನುತ್ತಿದ್ದಳು. ಒಮ್ಮೆ ಮಾತ್ರ ನನಗೆ ಕಾರಣ ಹೇಳಿದಳು.

“ಹೆಸರು ಬರೆದ್ರೆ ಅದು ಅವನ ಕಾರ್ಡಾಗುತ್ತೆ. ಈಗ ಅದು ಒಬ್ಬ ಇನ್ನೊಬ್ಬನ್ನ ಕೂತು ನೋಡಿದ್ದು. ಅಷ್ಟೇ ಇರ್ಲಿ.”

ಈ ವರ್ಷದ ಹುಡುಗನೇನೂ ಹುಡುಗನಲ್ಲ. ಎಲಿಯೆಸರ್ ಬ್ರಿಟೊಗೆ ಇಪ್ಪತ್ತೇಳು. ಡೊಮಿನಿಕನ್ ಗಣರಾಜ್ಯದವನು, ಸಮುದ್ರದಂಚಿನ ಊರು. ಅವನು ಕ್ಯಾಚರ್: ಬ್ಯಾಟು ಹಿಡಿದವನ ಬೆನ್ನಹಿಂದೆ ಕುಕ್ಕರಗಾಲಿನಲ್ಲಿ ಕೂತು, ಬಂದ ಚೆಂಡನ್ನೆಲ್ಲ ಹಿಡಿಯುವವನು. ಜೂನಿನ ಕೊನೆಗೆ, ಇನ್ನೊಬ್ಬ ಕ್ಯಾಚರಿನ ಹೆಬ್ಬೆರಳು ಮುರಿದಾಗ ಬಂದ. ತಂಡದ ಹುಡುಗರದೆಲ್ಲ ಅಚ್ಚಿನ ಕಾರ್ಡಿನ ಕಟ್ಟು ಮೇ ತಿಂಗಳಲ್ಲೇ ತಯಾರಾಗಿರುವುದರಿಂದ ಅದರಲ್ಲಿ ಅವನಿಲ್ಲ. ಹೋದ ವರ್ಷ ಬೇರೆ ತಂಡದಲ್ಲಿ, ಅದಕ್ಕೆ ಹಿಂದಿನ ವರ್ಷ ಇನ್ನೊಂದರಲ್ಲಿ, ಎಲ್ಲ ಕಡೆಯೂ ಹೀಗೇ ನಡುವೆ ಬಂದವನು. ಹೊರಗಿನ ಹುಡುಗರಿಗೆ ಊರಿನ ಮನೆಗಳೇ ಇಳಿದುಕೊಳ್ಳಲು ಜಾಗ ಕೊಡುವುದು ಇಲ್ಲಿಯ ರೂಢಿ. ಅವನು ಲವಾನಳ ನೆಲಮಾಳಿಗೆಗೆ ಬಂದ. ಅವಳನ್ನು ಮಾಮಿ, ಅವನ ಭಾಷೆಯಲ್ಲಿ ಅಮ್ಮ, ಎಂದು ಕರೆದ. ಎರಡೇ ವಾರದಲ್ಲಿ ಅವಳ ಕೆಟ್ಟ ಬಾಗಿಲನ್ನೂ, ಅಕ್ಕಿ ಬೇಯಿಸುವ ಕ್ರಮವನ್ನೂ ಸರಿಮಾಡಿದ.

ಜುಲೈಯಲ್ಲಿ ಮಾರ್ಲಿಸ್ ಅವನ ಹೆಸರು ಹೇಳಿದಾಗ ಗ್ಲೆನ್ ತಲೆಯಾಡಿಸಿ, ತನ್ನ ಬಲಗೈಯನ್ನು ಅವಳ ಮುಂದೆ ಹಿಡಿದ. ಎಲೆಯ ಹಾಗೆ ನಡುಗುತ್ತಿತ್ತು. ಈ ಸಲದ್ದು ಮುಗಿಸಿ ಕಂಪನಿಗೆ ಕಾಗದ ಬರೆದುಬಿಟ್ಟೆ, ಇನ್ನು ಖಾಲಿ ಕಾರ್ಡು ಬರುವುದಿಲ್ಲ, ಇದೊಂದೇ ಉಳಿದಿರುವುದು ಎಂದ. ಬೇಕಾದರೆ ಯಾರಾದರೂ ಹೆಸರು ಮಾಡುವಂಥವನನ್ನು ಆರಿಸು ಎಂದೂ ಹೇಳಿದ. ಮಾರ್ಲಿಸ್ ಬೇರೆ ಹೆಸರು ಹೇಳಲಿಲ್ಲ. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಬರೆದ. ನಾಲ್ಕು ಆಟದ ಬದಲು ಒಂಬತ್ತು ಆಟ ಬಂದ. ಆಗಸ್ಟಿನ ಸಂತೆಯಲ್ಲಿ ಅವಳಿಗೆ ಸಿಕ್ಕ ಕಾರ್ಡು ನಾನು ಅದುವರೆಗೆ ನೋಡಿದವುಗಳಿಗಿಂತ ಬೇರೆಯಾಗಿತ್ತು. ಗೆರೆಗಳು ಅಲ್ಲಲ್ಲಿ ತುಂಡಾಗಿದ್ದವು. ಆದರೂ ಆ ತುಂಡುಗಳ ನಡುವೆ ಎಲಿಯೆಸರ್ ಮುಖವಾಡವನ್ನು ಹಣೆಯ ಮೇಲಕ್ಕೆ ತಳ್ಳಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತಿದ್ದ. ಇಡೀ ಕಾರ್ಡಿನಲ್ಲಿ ಬಣ್ಣ ಎಂದರೆ ಟೋಪಿಯ ನೀಲಿಯೊಂದೇ.

ಸಂತೆ ಮುಗಿದ ಮೇಲಿನ ಭಾನುವಾರ ಮಧ್ಯಾಹ್ನದ ಆಟ. ಶುರುವಾಗುವ ಮುಂಚೆಯೇ ಲವಾನ್ ಸುದ್ದಿ ತಂದಳು. ಬೆಳಿಗ್ಗೆ ಕೋಚು ಎಲಿಯೆಸರನನ್ನು ಕೋಣೆಗೆ ಕರೆದಿದ್ದ. ತಂಡ ಅವನನ್ನು ಕೈಬಿಟ್ಟಿತ್ತು. ಇವತ್ತು ಬೆಂಚಿನ ಮೇಲೆ ಕೂರುತ್ತಾನೆ, ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾನೆ. ಅತ್ತನಾ ಎಂದು ನಾನು ಕೇಳಿದೆ. ಇಲ್ಲ, ಹಾಸಿಗೆಯ ಹೊದಿಕೆ ಒಗೆದು ಒಣಹಾಕಿದ ಎಂದಳು.

ಮೂರನೆಯ ಸುತ್ತಿನ ಹೊತ್ತಿಗೆ ಮಾರ್ಲಿಸ್ ಎದ್ದು ಹೋದಳು. ಅವಳು ಆಟದ ನಡುವೆ ಎದ್ದು ಹೋದದ್ದನ್ನು ನಾವು ಯಾರೂ ಹಿಂದೆಂದೂ ನೋಡಿರಲಿಲ್ಲ. ಹಿಂದಿರುಗಿದಾಗ ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡಿದ್ದಳು. ಕಾರ್ಡು ತಂದಿದ್ದಾಳೆ ಎಂದು ನಮಗೆ ಅರ್ಥವಾಯಿತು. ಅವನು ಹೋಗುವ ಮುಂಚೆ ಒಮ್ಮೆ ಅದನ್ನು ನೋಡಬೇಕು, ತನ್ನನ್ನು ಯಾರೋ ಒಂಬತ್ತು ಆಟ ಕೂತು ನೋಡಿದ್ದಾರೆ ಎಂದು ತಿಳಿದುಕೊಂಡು ಹೋಗಬೇಕು, ಅಷ್ಟೇ ಎಂದಳು. ಇಪ್ಪತ್ತು ವರ್ಷದಲ್ಲಿ ಯಾವ ಹುಡುಗನಿಗೂ ಅವನ ಕಾರ್ಡನ್ನು ಅವಳು ತೋರಿಸಿರಲಿಲ್ಲ. ಹಾಗಾಗಿ ತೋರಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ ಎಂದು ಈಗ ನನಗನ್ನಿಸುತ್ತದೆ.

ಆಟ ಮುಗಿಯಿತು. ಅವಳು ಮೆಟ್ಟಿಲಿಳಿದು ಕಟಕಟೆಗೆ ಹೋದಳು. ಪ್ಲಾಸ್ಟಿಕ್ಕಿನ ಪೆಟ್ಟಿಗೆ ಬಿಸಿಲಿಗೆ ಹೊಳೆದು ಚಿತ್ರ ಕಾಣದು ಎಂದು ಕಾರ್ಡನ್ನು ಹೊರಗೆ ತೆಗೆದಳು. ಎರಡು ಬೆರಳಿನಲ್ಲಿ ಅಂಚು ಹಿಡಿದು ಕಟಕಟೆಯ ಮೇಲಿಂದ ಚಾಚಿದಳು. ಎಲಿಯೆಸರ್ ಸಾಲಿನಲ್ಲಿ ಬಂದ, ಅವಳ ಪಕ್ಕದವನ ಚೆಂಡಿಗೆ ಗೀಚಿದ, ಅದೇ ಕೈಯಿಂದ ಕಾರ್ಡು ತೆಗೆದುಕೊಂಡು ದಪ್ಪ ನೀಲಿ ಪೆನ್ನಿನಿಂದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರ್ರನೆ ಸಹಿ ಎಳೆದು ವಾಪಸು ಕೊಟ್ಟ. ದೇವರು ಒಳ್ಳೇದು ಮಾಡ್ಲಿ, ದೋನ್ಯಾ, ಎಂದ. ಅವನ ಊರಿನವರು ಹಿರಿಯ ಹೆಂಗಸರನ್ನು ಕರೆಯುವುದು ಹಾಗೆ. ಅಷ್ಟರಲ್ಲಿ ಅವನ ಕಣ್ಣು ಮುಂದಿನ ಟೋಪಿಯ ಮೇಲಿತ್ತು.

ನಮ್ಮೂರಲ್ಲಿ ಕಟಕಟೆಯ ಮೇಲಿಂದ ಬರಿಯ ಕಾರ್ಡು ಚಾಚಿದರೆ ಇನ್ನೊಂದು ಅರ್ಥವಿಲ್ಲ. ತಪ್ಪು ಅವನದಲ್ಲ. ಮಾರ್ಲಿಸ್ ಅಲ್ಲೇ ನಿಂತು, ಶಾಯಿ ಒಣಗಲೆಂದು ಕಾರ್ಡನ್ನು ಅಡ್ಡ ಹಿಡಿದುಕೊಂಡೇ ಇದ್ದಳು. ಲವಾನ್ ಕೊಲಾಚೆಯ ಡಬ್ಬಿಯನ್ನು ತಾನೇ ಮುಚ್ಚಿ ಎತ್ತಿಕೊಂಡಳು, ಚುಚ್ಚುವುದನ್ನು ನಾಳೆಗಿಟ್ಟಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹಿಂದಿನ ಬಾಗಿಲು ತೆರೆದುಕೊಂಡು ಮಾರ್ಲಿಸ್ ಲವಾನಳ ಅಡುಗೆಮನೆಗೆ ಬಂದಳು. ನಾನು ಟೋಸ್ಟು ತಿನ್ನುತ್ತಿದ್ದೆ. ಎಲಿಯೆಸರ್ ಮೊಟ್ಟೆಯ ಮುಂದೆ ಕೂತಿದ್ದ. ಅವನ ಎರಡು ಚೀಲಗಳು ಆಗಲೇ ಬಾಗಿಲ ಬಳಿ ನಿಂತಿದ್ದವು. ರಾತ್ರಿ ಕಳೆದಿದ್ದರಿಂದ ಲವಾನಳ ನಾಲಿಗೆ ಮತ್ತೆ ಸಡಿಲವಾಗಿತ್ತು.

“ಬಾ ಬಾ. ಸಹಿ ಸಿಕ್ಕಿದ್ದಕ್ಕೆ ಮುಖ ಊದಿಸ್ಕೊಂಡಿರೋಳು ಈ ಜಿಲ್ಲೆಗೇ ನೀನೊಬ್ಳೇ ಕಣೇ.”

ಮಾರ್ಲಿಸ್ ಅವಳತ್ತ ನೋಡದೆ, ಜೇನಿನ ಬಾಟಲಿಯನ್ನು ದೂರ ಸರಿಸಿ, ಮೇಜು ಒರೆಸಿ, ಕಾರ್ಡನ್ನು ಎಲಿಯೆಸರನ ಮುಂದಿಟ್ಟಳು.

“ನಿನ್ನೆ ನಾನು ಸಹಿ ಕೇಳ್ಲಿಲ್ಲಪ್ಪ. ನೋಡು ಅಂತ ಕೊಟ್ಟೆ.”

ಅವನು ಮೊದಲು ಅವಳನ್ನು ನೋಡಿದ, ಆಮೇಲೆ ಕಾರ್ಡನ್ನು. ಮುಖ ಸಣ್ಣದಾಯಿತು. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಸಹಿಯನ್ನು ಉಜ್ಜಲು ಹೋದ. ಮಾರ್ಲಿಸ್ ಅವನ ಮಣಿಕಟ್ಟು ಹಿಡಿದಳು, ಬಸ್ಸು ಪೂರ್ತಿ ನಿಲ್ಲುವ ಮುಂಚೆ ಇಳಿಯುವವರನ್ನು ಹಿಡಿಯುವ ಹಾಗೆ. ಉಜ್ಜಿದರೆ ಪೆನ್ಸಿಲೂ ಹೋಗುತ್ತದೆ, ಇರುವುದು ಇರಲಿ, ನೋಡು ಎಂದಳು.

ಅವನು ನೋಡಿದ. ಲವಾನ್ ಅವನ ಭುಜದ ಮೇಲಿಂದ ಬಗ್ಗಿ ನೋಡಿ, ಸಹಿಯ ಕೆಳಗಿದ್ದ ಅಂಕೆಯ ಮೇಲೆ ಬೆರಳಿಟ್ಟು, ಮೂವತ್ತೊಂದು ಯಾರದ್ದೋ ಎಂದಳು. ಇಲ್ಲಿ ಅವನ ಅಂಗಿಯ ಮೇಲಿದ್ದುದು ಹದಿನೆಂಟು. ಅವನು ಹಣೆ ಬಡಿದುಕೊಂಡ. ಹೋದ ವರ್ಷದ ತಂಡದ ನಂಬರಂತೆ. ಕೈಗೆ ಅಭ್ಯಾಸವಾಗಿ ಎರಡು ತಿಂಗಳಿಂದ ಊರಿಗೆಲ್ಲ ಅದನ್ನೇ ಬರೆದುಕೊಟ್ಟಿದ್ದಾನೆ, ಒಬ್ಬರೂ ಕೇಳಲಿಲ್ಲ. ಲವಾನ್ ಬಾಣಲೆ ಇಳಿಸಿ ಕೂತು ನಕ್ಕಳು. ಮಾರ್ಲಿಸ್ ಕೂಡ, ಬೇಡವೆಂದುಕೊಂಡೇ, ನಕ್ಕಳು. ನಿನ್ನೆಯಿಂದ ಬಿಗಿದಿದ್ದ ಏನೋ ಅಲ್ಲಿ ಸ್ವಲ್ಪ ಸಡಿಲವಾಯಿತು.

ಎಲಿಯೆಸರ್ ಮಾತ್ರ ಆಗಲೇ ಮತ್ತೆ ಕಾರ್ಡಿಗೆ ಬಗ್ಗಿದ್ದ. ಕಾರ್ಡನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಬೆರಳನ್ನು ತಾಗಿಸದೆ ಗಾಳಿಯಲ್ಲೇ ಗೆರೆಯ ಜೊತೆ ಇಳಿಸಿದ, ಮೊಣಕಾಲು, ಮೀನಖಂಡ, ಪಾದ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ, ಅಡುಗೆಮನೆಯ ನಡುವೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. ತನ್ನ ಪಾದಗಳನ್ನೇ ನೋಡಿಕೊಂಡ.

“ಮಾಮಿ, ನೋಡು. ನನ್ನ ಎಡಗಾಲು. ಹಿಮ್ಮಡಿ ನೆಲಕ್ಕೆ ಊರಿದೆಯಾ?”

ಲವಾನ್ ಬಗ್ಗಿ ನೋಡಿದಳು. ಊರಿದೆಯಲ್ಲ, ಬೇರು ಬಿಟ್ಟ ಹಾಗಿದೆ ಎಂದಳು.

ಅವನು ಎದ್ದ, ಮತ್ತೆ ಕೂತ, ಮತ್ತೆ ಎಡಕ್ಕೇ ವಾಲಿದ. ಕಾರ್ಡಿನಲ್ಲಿಯೂ ಹಾಗೇ ಇತ್ತು: ಮೈಯ ಭಾರವೆಲ್ಲ ಎಡ ಹಿಮ್ಮಡಿಗೆ ಇಳಿದು, ಬಲಪಾದ ಸುಮ್ಮನೆ ನೆಲ ಮುಟ್ಟಿಕೊಂಡಿತ್ತು. ಗ್ಲೆನ್ ಅದನ್ನು ನೆರಳು ಹಾಕಿ ಎತ್ತಿ ತೋರಿಸಿರಲಿಲ್ಲ. ಕಂಡದ್ದನ್ನು ಬರೆದಿದ್ದ. ಕದ್ದು ಓಡುವವನನ್ನು ತಡೆಯಲು ಕ್ಯಾಚರ್ ಕೂತಲ್ಲಿಂದ ಚಿಮ್ಮಿ ಎದ್ದು ಎರಡನೆಯ ಬೇಸಿಗೆ ಎಸೆಯಬೇಕು. ಎಲಿಯೆಸರ್ ಎದ್ದು ಎಸೆಯುವಷ್ಟರಲ್ಲಿ ಎದುರು ತಂಡದ ಓಟಗಾರರು ಬೇಸು ಮುಟ್ಟಿಬಿಡುತ್ತಿದ್ದರು. ಅವನನ್ನು ಕೈಬಿಟ್ಟದ್ದೂ ಅದಕ್ಕೇ. ಮೂರು ತಂಡದ ಮೂವರು ಕೋಚುಗಳು ನಿನ್ನ ಹಿಮ್ಮಡಿ ನೆಲಕ್ಕೂರುತ್ತದೆ ಎಂದು ಹೇಳಿದ್ದರಂತೆ. ಕೈಬಿಡುವವರು ಏನಾದರೊಂದು ಹೇಳಲೇಬೇಕಲ್ಲ, ಅದಕ್ಕೇ ಹೇಳುತ್ತಾರೆ ಎಂದುಕೊಂಡಿದ್ದನಂತೆ.

“ನಂಗೆ ಕಾಣ್ಲೇ ಇಲ್ಲ,” ಎಂದ, ಇನ್ನೂ ನೆಲದ ಮೇಲೆ ಕೂತೇ. “ಪೆನ್ಸಿಲ್ ಹಿಡಿದೋನಿಗೆ ಕಾಣ್ತು.”

ಲವಾನ್ ಪೊರಕೆ ತಂದು ಬ್ಯಾಟಿನಂತೆ ಹಿಡಿದು ನಿಂತಳು. ಅವನು ಅವಳ ಹಿಂದೆ, ಒಲೆಗೂ ಮೇಜಿಗೂ ನಡುವೆ, ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ಕೂರಲು ನೋಡಿದ. ಎರಡು ಸಲ ಹಿಂದಕ್ಕೆ ಬಿದ್ದ. ಮೂರನೆಯ ಸಲ ಎದ್ದು, ಕಿಟಕಿಯತ್ತ ಬರಿಗೈ ಬೀಸಿದ. ಆ ಎದ್ದದ್ದು ಎಷ್ಟು ಚುರುಕಾಗಿತ್ತೆಂದರೆ ನಾವು ಮೂವರೂ ಕಿಟಕಿಯ ಕಡೆಗೆ ತಿರುಗಿದೆವು.

ನವೆಂಬರಿನಲ್ಲಿ ಅವರ ಊರಿನಲ್ಲೂ ಆಟವಿದೆಯಂತೆ, ಚಿಕ್ಕಪ್ಪನ ತಂಡ. ಹಿಮ್ಮಡಿ ನೋಡಿಕೊಳ್ಳುತ್ತೇನೆ ಎಂದ. ಕುರ್ಚಿಗೆ ಮರಳಿ, ತಣ್ಣಗಾದ ಮೊಟ್ಟೆ ತಿನ್ನುತ್ತಾ, ಒಂದು ಕಣ್ಣು ಕಾರ್ಡಿನ ಮೇಲೆಯೇ ಇಟ್ಟುಕೊಂಡು, ತಂಡದಲ್ಲಿ ಅಷ್ಟು ಜನರಿರುವಾಗ ನನ್ನನ್ನೇಕೆ ಆರಿಸಿದಿರಿ ದೋನ್ಯಾ ಎಂದು ಮಾರ್ಲಿಸ್‌ಳನ್ನು ಕೇಳಿದ. ಅವಳಿಗೆ ಮುಜುಗರವಾಯಿತು. ಬೆಳಿಗ್ಗೆ ಅಭ್ಯಾಸದ ಹೊತ್ತಿನಲ್ಲಿ ನೀವೆಲ್ಲ ನಂಬರಿಲ್ಲದ ಅಂಗಿ ಹಾಕಿಕೊಂಡಿರುತ್ತೀರಿ, ಬೇಲಿಯಾಚೆ ನನ್ನ ಕಿಟಕಿಯಿಂದ ಯಾರು ಯಾರೆಂದು ಗೊತ್ತಾಗುವುದಿಲ್ಲ, ನೀನು ಮಾತ್ರ ಕೂತ ರೀತಿಗೇ ಗೊತ್ತಾಗುತ್ತಿದ್ದೆ ಎಂದಳು. ಎಡಗಡೆಗೆ ವಾಲಿಕೊಂಡು ಕೂರುತ್ತಿದ್ದೆಯಲ್ಲ ಎಂದೂ ಸೇರಿಸಿದಳು.

“ಅಂದ್ರೆ ನನ್ನ ತಪ್ಪನ್ನೇ ನೀವು ಇಷ್ಟಪಟ್ರಿ.”

“ತಪ್ಪು ಅಂತ ನಂಗೇನು ಗೊತ್ತು? ನಾನು ಬಸ್ಸು ಓಡಿಸೋಳು.”

ಅವನು ಕಾರ್ಡಿನ ಅಂಚನ್ನು ಒಂದು ಬೆರಳಿನಿಂದ ತನ್ನ ಕಡೆಗೆ ಕೂದಲೆಳೆಯಷ್ಟು ಸರಿಸಿದ. ಇದನ್ನು ನಾನು ತೆಗೆದುಕೊಂಡು ಹೋಗಲೇ ಎಂದು ಕೇಳಿದ. ಲವಾನ್ ಪೊರಕೆ ಹಿಡಿದೇ ಮಾರ್ಲಿಸ್‌ಳ ಮುಖ ನೋಡಿದಳು. ಕೊಟ್ಟುಬಿಡುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ನಾನಾಗಿದ್ದರೆ ಕೊಡುತ್ತಿದ್ದೆ, ಆಮೇಲೆ ವರ್ಷವಿಡೀ ಮರುಗುತ್ತಿದ್ದೆ.

“ಇಲ್ಲಪ್ಪ,” ಎಂದಳು ಮಾರ್ಲಿಸ್. “ನಂದು ಅದು. ಎಷ್ಟು ಹೊತ್ತು ಬೇಕೋ ನೋಡು. ಕೊಡಲ್ಲ.”

ಎಲಿಯೆಸರ್ ಜೋರಾಗಿ ನಕ್ಕ. ಕೈಬಿಟ್ಟ ಸುದ್ದಿ ಬಂದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲೆಂದು ಲವಾನ್ ಆಮೇಲೆ ಹೇಳಿದಳು. ಅವನು ಫೋನು ತೆಗೆದು ಕಾರ್ಡಿನ ಫೋಟೋ ಹಿಡಿದ, ಒಂದು ಪೂರ್ತಿ ಚಿತ್ರದ್ದು, ಒಂದು ಬರೀ ಪಾದದ್ದು. ನಂಬರನ್ನಾದರೂ ತಿದ್ದಿಕೊಡಲೇ ಎಂದು ಕೇಳಿದಾಗ ಮಾರ್ಲಿಸ್ ಕಾರ್ಡನ್ನು ತಕ್ಷಣ ಎತ್ತಿಕೊಂಡು, ಪೆನ್ನಿರುವ ಮನುಷ್ಯನ ಹತ್ತಿರ ಇದನ್ನು ಇನ್ನು ಇಡುವುದಿಲ್ಲ ಎಂದಳು. ಪ್ಲಾಸ್ಟಿಕ್ಕಿನ ಪೆಟ್ಟಿಗೆಗೆ ಸೇರಿಸುವ ಮುಂಚೆ ತಾನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿದಳು. ನೀಲಿ ಸಹಿ ಎದೆಯ ಮೇಲೆ ಅಡ್ಡ ಬಿದ್ದಿತ್ತು. ಪಾದಗಳವರೆಗೆ ಅದು ಇಳಿದಿರಲಿಲ್ಲ.

ಹತ್ತೂವರೆಯಾಗಿತ್ತು. ಬಸ್ ನಿಲ್ದಾಣಕ್ಕೆ ಲವಾನ್ ಬಿಡುವುದೆಂದು ಮಾತಾಗಿತ್ತು. ಎಲಿಯೆಸರ್ ಎದ್ದು ನಿಂತು ಮಾರ್ಲಿಸ್‌ಳನ್ನು ಅಪ್ಪಿಕೊಂಡ. ಅವಳು ಕಾರ್ಡಿರುವ ಕೈಯನ್ನು ದೂರಕ್ಕೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಅವನ ಬೆನ್ನು ತಟ್ಟಿದಳು. ಕಾಫಿ ಕುಡಿದು ಹೋಗೇ, ಈಗಷ್ಟೇ ಇಳಿಸಿದೆ ಎಂದು ಲವಾನ್ ಕರೆದಾಗ ಮಾರ್ಲಿಸ್ ಆಗಲೇ ಬಾಗಿಲ ಹತ್ತಿರವಿದ್ದಳು, ಕಾರಿನ ಕೀಲಿಕೈ ಹುಡುಕುತ್ತಾ.

“ಆಮೇಲೆ ಬರ್ತೀನಿ ಕಣೇ, ಮೊದ್ಲು ಗ್ಲೆನ್‌ಗೆ ಹೇಳ್ಬೇಕು. ಕೈ ನಡುಗಿ ಕೆಡಿಸ್ಬಿಟ್ಟೆ ಅಂತ ಅಂದ್ಕೊಂಡು ಕೂತಿದಾನೆ ಅವ್ನು, ಹಿಮ್ಮಡಿ ಹಿಮ್ಮಡಿ ಥರಾನೇ ಬಂದಿದೆ ಅಂತ ಕ್ಯಾಚರೇ ನೆಲದ ಮೇಲೆ ಕೂತು ತೋರಿಸ್ದ ಅಂದ್ರೆ, ಆ ಮುದುಕ ಏನಂತಾನೆ ಗೊತ್ತಾ, ಅವ್ನು ಮೊದ್ಲು ಕನ್ನಡಕ ತೆಗೆದು, ಆಮೇಲೆ...” ಉಳಿದ ಮಾತು ಅವಳ ಜೊತೆಗೇ ಬಾಗಿಲು ದಾಟಿ ಹೋಯಿತು.